ಕಲ್ಲುಸಂದಿಯಲ್ಲಿ ಇಪ್ಪತ್ತೆರಡು ವರ್ಷ

ಗಿಡಗಳು ಬದಲಾಗುವುದನ್ನು ನಿಲ್ಲಿಸಿಲ್ಲ. ಅದು ಕೋಟಿ ವರ್ಷಗಳ ಹಿಂದೆ ಮುಗಿದ ಕತೆಯಲ್ಲ. ಈಗ, ನಿಮ್ಮ ಚಪ್ಪಲಿಯ ಪಕ್ಕದಲ್ಲೇ ನಡೆಯುತ್ತಿದೆ. ಶಾಲೆಯಲ್ಲೇ ತಿಳಿದಿರಬೇಕಿದ್ದ ಸಂಗತಿ. ನಾವು ಪರೀಕ್ಷೆಗೆ ಉರು ಹೊಡೆದು, ಮರುದಿನವೇ ಕೈ ತೊಳೆದುಕೊಂಡೆವು.

ಕೈ ತೊಳೆದುಕೊಳ್ಳದವರು ನಮ್ಮ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ. ಗಡಿಯಾರ ರಿಪೇರಿಯವರ ಕಿರಿಮಗಳು. ಅಪ್ಪ ಕಣ್ಣಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಗಾಜಿನಲ್ಲಿ ಇರುವೆಯ ಮೀಸೆ ನೋಡುತ್ತಲೇ ಬೆಳೆದವರು. ವರ್ಗವಾಗಿ ನಮ್ಮಲ್ಲಿಗೆ ಬಂದ ಸ್ವಲ್ಪ ಕಾಲಕ್ಕೆ, ಕಾಲೇಜಿನ ಮುಂದಿನ ಫುಟ್‌ಪಾತಿನ ಕಲ್ಲುಸಂದಿಗಳಲ್ಲಿ ಹಳದಿ ಹೂವಿನ ಒಂದು ಕಳೆ ಅವರ ಕಣ್ಣಿಗೆ ಬಿತ್ತು. ಅದರ ಬೀಜ ಎರಡು ಬಗೆ: ಕೂದಲಿದ್ದದ್ದು ಗಾಳಿಯಲ್ಲಿ ಹಾರುತ್ತದೆ, ಬೋಳಾದದ್ದು ಬುಡದಲ್ಲೇ ಬೀಳುತ್ತದೆ. ಬಯಲಿನಲ್ಲಾದರೆ ಹಾರಿದ್ದು ಎಲ್ಲೋ ಬದುಕಿಕೊಳ್ಳುತ್ತದೆ. ಇಲ್ಲಿ ಡಾಂಬರಿನ ಮೇಲೆ ಬಿದ್ದು ಸಾಯುತ್ತದೆ. ಹಾಗಾದರೆ ತಲೆಮಾರು ಕಳೆದಂತೆ ಬೋಳುಬೀಜವೇ ಹೆಚ್ಚಬೇಕಲ್ಲವೇ? ಇಷ್ಟೇ ಪ್ರಶ್ನೆ.

ವರ್ಷಕ್ಕೊಮ್ಮೆ, ಬೀಜ ಬಲಿತಾಗ, ಮೇಡಂ ಫುಟ್‌ಪಾತಿನಲ್ಲಿ ಮಂಡಿಯೂರಿ ಕೂರುತ್ತಿದ್ದರು. ಸಂದಿಗೊಂದು ಗಿಡ ತೆಗೆದು, ಹಳೇ ಪೇಪರಿನ ನಡುವೆ ಒತ್ತಿಟ್ಟು, ಯಾವ ಕಲ್ಲಿನದೆಂದು ಬರೆದು, ಬೀಜ ಎಣಿಸುತ್ತಿದ್ದರು.

"ಏನೇ, ಇಷ್ಟು ಓದಿ ಬೀದೀಲಿ ಕಳೆ ಕೀಳ್ತಾ ಕೂತಿದೀಯ? ಭಿಕ್ಷುಕಿ ಅಂದ್ಕೊಂಡು ಯಾರಾದ್ರೂ ಚಿಲ್ಲರೆ ಹಾಕಿಬಿಟ್ಟಾರು!" ಎಂದು ಅವರಕ್ಕ ಹಂಗಿಸಿದ್ದುಂಟು.

"ಹಾಕಿದ್ರು ಅಕ್ಕಾ, ಎರಡು ಸಲ. ಟೀ ಕುಡ್ದೆ."

ಇಪ್ಪತ್ತೆರಡನೆಯ ವರ್ಷ ಕೊನೆಯ ಎಣಿಕೆ. ಆಮೇಲೆ ನಿವೃತ್ತಿ. ಅಕ್ಕನ ಕಣ್ಣಿನ ಆಪರೇಷನ್ನಿಗೆಂದು ಎರಡು ದಿನ ರಜೆ ಹಾಕಿ ಬಂದು ನೋಡಿದರೆ ಫುಟ್‌ಪಾತು ನುಣ್ಣಗೆ ಬೋಳು! ತಪಾಸಣೆಯ ತಂಡ ಬರುತ್ತದೆಂದು ಪ್ರಿನ್ಸಿಪಾಲರು ಎಲ್ಲ ಕೀಳಿಸಿದ್ದರು. ಕಟ್ಟಡದೊಳಗೆ ಸೋರುವ ನಲ್ಲಿಗಳು ಕಾಣದ ಕಣ್ಣಿಗೆ ಕಳೆ ಮಾತ್ರ ಕಂಡಿತ್ತು.

ಮೇಡಂ ನೇರ ಕಾಲೇಜು ತೋಟದ ಮಾಲಿಯ ಹತ್ತಿರ ಹೋದರು. "ನೀನೂ ಹಿಂಗೆ ಮಾಡೋದೇನಪ್ಪಾ?"

"ಬೈಯೋದು ಆಮೇಲೆ ಇಟ್ಕೊಳ್ಳಿ ಮೇಡಂ, ಒಳಗೆ ಬನ್ನಿ."

ಸಲಿಕೆ, ಗುದ್ದಲಿ ಇಡುವ ಕೋಣೆಯಲ್ಲಿ ಇಟ್ಟಿಗೆ ಹೇರಿದ ಪೇಪರಿನ ಕಂತೆಗಳು. ಒಳಗೆ ಪ್ರತಿ ಗಿಡವೂ ಬೇರುಸಮೇತ. ಬೀಜ ಉದುರದಂತೆ ಹೂತಲೆಗೆ ಪೊಟ್ಟಣ. ಮೂಲೆಯಲ್ಲಿ ಪೆನ್ಸಿಲ್ಲಿನಲ್ಲಿ, 'ಗೇಟಿಂದ ಏಳನೇ ಕಲ್ಲು, ಎಡಸಂದಿ.'

"ಇಷ್ಟು ವರ್ಷ ನೋಡಿದೀನಿ, ಅಷ್ಟೂ ಗೊತ್ತಾಗಲ್ವಾ? ಕೀಳು ಅಂದ್ರು, ಕಿತ್ತೆ. ಬಿಸಾಕು ಅಂತ ಯಾರೂ ಹೇಳಲಿಲ್ಲ."

"ಅಯ್ಯೋ ಪುಣ್ಯಾತ್ಮ, ನನಗಿಂತ ಚೆನ್ನಾಗಿ ಒತ್ತಿದೀಯಲ್ಲೋ!"

"ಇನ್ಮೇಲೆ ಪಾಠಾನೂ ನಾನೇ ಮಾಡ್ಲಾ?"

ಒಂದು ತಿಂಗಳು ಇಬ್ಬರೂ ಕೂತು ಎಣಿಸಿದರು. ಮೊದಲ ವರ್ಷ ನೂರಕ್ಕೆ ಹತ್ತಿದ್ದ ಬೋಳುಬೀಜ ಈಗ ಹದಿನೇಳು! ಮೇಡಂ ಕುರ್ಚಿಯಿಂದೆದ್ದು ಕುಣಿದೇಬಿಟ್ಟರು. ಪ್ರಬಂಧ ಅಚ್ಚಾದಾಗ ಅವರ ಹೆಸರಿನ ಪಕ್ಕದಲ್ಲೇ ಮಾಲಿಯ ಹೆಸರೂ ಇತ್ತು. ಪ್ರಿನ್ಸಿಪಾಲರ ಹೆಸರಿರಲಿಲ್ಲ, ಸೇರಿಸಿ ಎಂದು ಕೇಳಿದ್ದರಂತೆ.

ಕಿತ್ತ ಸಂದಿಗಳಲ್ಲಿ ಮತ್ತೆ ಹಸಿರು ಮೂಡಿದೆ, ಕೀಳುವ ಮುಂಚೆಯೇ ಬುಡದಲ್ಲಿ ಉದುರಿದ್ದ ಬೋಳುಬೀಜಗಳ ಮಕ್ಕಳು. ನಿವೃತ್ತರಾದ ಮೇಡಂ ಈಗಲೂ ಮಂಡಿಯೂರಲು ಬರುತ್ತಾರೆ. ಆದರೆ ನಗರಸಭೆ ಆ ಸಂದಿಗಳಿಗೆ ಸಿಮೆಂಟು ತುಂಬಲು ಹೊರಟಿದೆ. ಆಕ್ಷೇಪಣೆಗೆ ಇನ್ನು ಹತ್ತೇ ದಿನ. ಲೇಖನ ಚೆನ್ನಾಗಿತ್ತು ಎಂದು ನನಗೆ ಫೋನು ಮಾಡಬೇಡಿ. ಪೇಪರು ಮಡಚಿಟ್ಟು, ಈಗಲೇ ನಗರಸಭೆಗೆ ಒಂದು ಕಾರ್ಡು ಬರೆಯಿರಿ: ಕಾಲೇಜಿನ ಮುಂದಿನ ಆ ನೂರಡಿ ಫುಟ್‌ಪಾತು ಮುಟ್ಟಕೂಡದು.