ಗಢಿಯ ಹಗೇವು

ನಾನು ನಿಂತಿದ್ದುದು ಹಗೇವಿನ ಬಾಯಿಯ ಮೂಡಲಿಗೆ, ಬನ್ನಿಗಿಡದ ನೆರಳು ಮುಗಿಯುವ ಜಾಗದಲ್ಲಿ. ಎಳ್ಳಮಾವಾಸ್ಯೆಯ ಹಿಂದಿನ ದಿನ. ಹೊತ್ತು ನೆತ್ತಿಗೆ ಬಂದಿತ್ತು, ಊಟಕ್ಕೆ ಇನ್ನೂ ಕರೆದಿರಲಿಲ್ಲ. ಎಂಬತ್ತರ ದಶಕದ ಮೊದಲ ವರ್ಷಗಳು ಅವು. ನಾನು ಐದನೆಯ ಇಯತ್ತೆಯಲ್ಲಿದ್ದೆ. ನನ್ನ ಬಲಕ್ಕೆ ಶರಣ್ಯಾ, ಅಂದರೆ ಶರಣಪ್ಪ, ಇದ್ದ. ಹಗೇವಿನ ಆಚೆ ದಂಡೆಗೆ ಕಸ್ತೂರಿ ಇದ್ದಳು. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಊರಿನಲ್ಲಿ ಹುಟ್ಟಿದ ಕತೆಗಳು ಬಹಳ, ಅವನ್ನು ಹೇಳಿದವರಲ್ಲಿ ಹೆಚ್ಚಿನವರು ಅಲ್ಲಿ ಇರಲೇ ಇಲ್ಲ.

ಆ ಕಾಲದಲ್ಲಿ ನಮ್ಮ ಕಡೆ ಚಳಿಗಾಲವೆಂದರೆ ಸೀತನಿಯ ವಾಸನೆ. ಎಳೆಗಾಳಿನ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ, ಶೇಂಗಾ ಹಿಂಡಿಯ, ಅಂದರೆ ಚಟ್ನಿಪುಡಿಯ, ಜೊತೆ ಬಾಯಿಗೆ ಹಾಕಿಕೊಳ್ಳುತ್ತಿದ್ದೆವು. ಜೇವರ್ಗಿಯಿಂದ ಯಡ್ರಾಮಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಊರ ಹೊರಗೆ ಹಾಳುಬಿದ್ದ ಗಢಿ, ಅಂದರೆ ಹಿಂದಿನವರ ಕೋಟೆಮನೆ. ಅದರ ಸುತ್ತ ಸರಕಾರದವರು ಬೇವು, ಜಾಲಿ, ಹುಣಸೆ ಹಚ್ಚಿ, ತಂತಿ ಬೇಲಿ ಎಳೆದು 'ವನ' ಎಂದು ಬೋರ್ಡು ಹಾಕಿದ್ದರು. ಪ್ರತಿವರ್ಷ ಎಳ್ಳಮಾವಾಸ್ಯೆಗೆ ಮುಂಚೆ ಶಾಲೆಯ ಮಕ್ಕಳಿಗೆ ಅಲ್ಲೊಂದು ಶಿಬಿರ. ಬೆಳಿಗ್ಗೆ ಹಕ್ಕಿ, ಚಿಗರಿ ನೋಡುವುದು. ಆಮೇಲೆ ಗಢಿಯ ಇತಿಹಾಸ ಕೇಳುವುದು. ಕೊನೆಗೆ ಸಜ್ಜಿರೊಟ್ಟಿ ಊಟ.

ಶಿಬಿರ ನಡೆಸುತ್ತಿದ್ದವರು ಗುರುಪಾದಪ್ಪ ಮಾಸ್ತರು. ಒಕ್ಕಲುತನದ ಮನೆಯಲ್ಲೇ ಬೆಳೆದವರು. ಕಸ್ತೂರಿ ಅವರ ಮಗಳು, ನಮ್ಮದೇ ವರ್ಗ. ವನದ ಕಾವಲಿಗೆ ಕಾಸಿಮ್ ಚಾಚಾ ಇದ್ದ.

ಆ ದಿನ ಬೆಳಿಗ್ಗೆ ಇಬ್ಬನಿಯಲ್ಲಿ ಕಾಲು ತೊಯ್ಸಿಕೊಂಡು ಜೋಳದ ಹೊಲದ ಅಂಚಿಗೆ ನಡೆದೆವು. ಚಳಿಗಾಲಕ್ಕೆ ಮಾತ್ರ ಬರುವ ಗುಲಾಬಿ ಮೈಯ ಹಕ್ಕಿಗಳು ಹಿಂಡುಗಟ್ಟಿ ತೆನೆಯ ಮೇಲೆ ಇಳಿದು, ಕವಣೆಯ ಸಪ್ಪಳಕ್ಕೆ ಒಮ್ಮೆಲೇ ಎದ್ದವು.

"ಬಾಯಿ ಮುಚ್ಕೊಂಡು ನಡೀರಲೇ. ಮುಂದ ಚಿಗರಿ ಅವ. ಅವಕ್ಕ ಕಿವಿ ಅವ," ಎಂದರು ಮಾಸ್ತರು.

"ನಮಗೂ ಅವ್ರಿ ಸರ್ರ," ಎಂದ ಶರಣ್ಯಾ.

"ನಿಮಗ ಹಿಂಡಾಕ ಕೊಟ್ಟಾನಲೇ ದೇವ್ರು."

ಚಿಗರಿಗಳು ಕಂಡವು. ಕರಿಯ ಗಂಡು ಒಂದು, ಹಿಂದೆ ಹೆಣ್ಣುಗಳು. ನಮ್ಮನ್ನು ನೋಡಿ ಜಿಗಿದು ಹೋದವು. ಶರಣ್ಯಾನ ಕೊರಳಲ್ಲಿ ಕೆಂಪು ಉಣ್ಣೆಯ ಮಫ್ಲರ್ ಇತ್ತು. ಅವನ ಮಾವ ಸೊಲ್ಲಾಪುರದಿಂದ ತಂದಿದ್ದು. ಅದರ ಬಣ್ಣಕ್ಕೇ ಚಿಗರಿ ಓಡಿದವು ಎಂದು ಎಲ್ಲರೂ ಅವನನ್ನು ಕಾಡಿಸಿದೆವು.

ಹಗೇವು ಗಢಿಯ ಅಂಗಳದಲ್ಲಿತ್ತು. ನೆಲದೊಳಗೆ ಗಡಿಗೆಯ ಆಕಾರಕ್ಕೆ ಕೊರೆದ ಜೋಳದ ಕಣಜ. ಬಾಯಿ ಒಬ್ಬರು ಇಳಿಯುವಷ್ಟು, ಹೊಟ್ಟೆ ದೊಡ್ಡದು, ಆಳ ಎರಡಾಳು. ಬಾಯಿ ಸಣ್ಣದಾದ್ದರಿಂದ ಮಾಸ್ತರು ಮಕ್ಕಳನ್ನು ಸರದಿಯ ಮೇಲೆ ಕರೆಯುತ್ತಿದ್ದರು. ಕೊನೆಯ ಸರದಿ ನಮ್ಮ ಮೂವರದು. ಉಳಿದವರು ಬೇಲಿಯ ಹತ್ತಿರ ಸೀತನಿಯ ಬೆಂಕಿಗೆ ಹೋಗಿದ್ದರು. ಚಾಚಾ ಮತ್ತು ಮಾಸ್ತರು ಚಪ್ಪಡಿ ಕಲ್ಲು ಸರಿಸಿದ್ದರು. ಆ ವರ್ಷ ಮಳೆ ಜೋರಿತ್ತು. ಕಲ್ಲಿನ ಒಂದು ಮೂಲೆ ಮುರಿದು, ಒಳಗೆ ನೀರು, ಎಲೆ, ಜಾಲಿಕಾಯಿ ಬಿದ್ದು ಕೊಳೆತು ಕಪ್ಪಗೆ ಕೂತಿದ್ದವು.

ಮಾಸ್ತರು ಹೇಳಿದ ಮಾತು ನನಗೆ ಹಾಗೆಯೇ ನೆನಪಿದೆ. "ನಿಜಾಮನ ಕಾಲದಾಗ ಲೆವಿ ಅಂತ ಸರಕಾರದವ್ರು ಜ್ವಾಳ ಎತ್ತಾಕ ಬರ್ತಿದ್ರು. ಮಂದಿ ಇದರಾಗ ಮುಚ್ಚಿಟ್ಟು, ಮ್ಯಾಲ ದನ ಕಟ್ತಿದ್ರು. ಆದ್ರ ಒಂದು ಮಾತು ಲಕ್ಷ್ಯದಾಗಿಡ್ರಿ. ಕಾಳಿದ್ದ ಹಗೇವು ತೆಗದ ಕೂಡ್ಲೆ ಇಳೀಬಾರದು. ಒಳಗ ಕೆಟ್ಟ ಗಾಳಿ ಇರ್ತದ. ಕಂದೀಲು ಬಿಟ್ಟು ನೋಡಬೇಕು. ಕಂದೀಲು ಆರಿತಂದ್ರ ಮನಷ್ಯಾನೂ ಆರ್ತಾನ."

ಆಮೇಲೆ ಪ್ರತಿವರ್ಷವೂ ನಾವು ಕಾಯುತ್ತಿದ್ದ ಆಟ. ಅವರು ಬೋರಲು ಮಲಗಿ ಬಾಯಿಯೊಳಗೆ ತಲೆ ಹಾಕಿ, ಸತ್ತ ಗಢಿಯ ಧಣಿಯ ದನಿಯಲ್ಲಿ ಗುಡುಗುತ್ತಿದ್ದರು: "ಯಾರಲೇ ನನ್ನ ಜ್ವಾಳಕ್ಕ ಬಂದವ್ರು?" ನೆಲವೇ ಮಾತಾಡಿದಂತೆ ಆಗುತ್ತಿತ್ತು. ಅದನ್ನು ಹತ್ತಿರದಿಂದ ಕೇಳಬೇಕೆಂದು ಆ ದಿನ ಶರಣ್ಯಾ ಬಗ್ಗಿದ. ಮಫ್ಲರ್ ಜಾರಿ ಒಳಗೆ ಬಿತ್ತು.

ಅವನು ಅಳತೊಡಗಿದ. "ನಮ್ಮವ್ವ ಮನ್ಯಾಗ ಕರಕೊಳ್ಳೂದಿಲ್ರಿ ಸರ್ರ."

"ಅಪ್ಪಾ, ಬಿಡು. ಅವರ ಮಾವ ಇನ್ನೊಂದು ತರ್ತಾನ," ಎಂದಳು ಕಸ್ತೂರಿ.

ಮಾಸ್ತರು ಆಗಲೇ ಧೋತರ ಎತ್ತಿ ಕಟ್ಟುತ್ತಿದ್ದರು. ಚಾಚಾ ಬಾವಿಯ ಹಗ್ಗ ತಂದು ಬನ್ನಿಗಿಡಕ್ಕೆ ಬಿಗಿದ. "ಮಾಸ್ತರ್‌ಸಾಬ್, ಕಂದೀಲು ಬಿಡೂಣೇನ್ರಿ?"

"ಅದು ಕಾಳಿದ್ದ ಹಗೇವಿಗಿ, ಚಾಚಾ. ಇದು ಖಾಲಿ ಆಗಿ ನನ್ನಷ್ಟು ವಯಸ್ಸಾತು."

"ಅದೂ ಖರೇನೇ," ಎಂದು ಚಾಚಾ ಹಗ್ಗ ಇಳಿಬಿಟ್ಟ. ಆ ಹೊತ್ತಿಗೆ ನಮ್ಮೂರಿನ ಯಾವ ರೈತನನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದ. ಕೆಟ್ಟ ಗಾಳಿ ಕಾಳಿನದು, ಕಾಳಿಲ್ಲದ ಕಡೆ ಅದಕ್ಕೇನು ಕೆಲಸ?

ಮಾಸ್ತರು ಹಗ್ಗವನ್ನು ನಡುವಿಗೆ ಕಟ್ಟಿಕೊಳ್ಳಲಿಲ್ಲ. ಗೋಡೆಯ ಕಾಲುಗೂಡಿನಲ್ಲಿ ಕಾಲಿಟ್ಟು, ಹಗ್ಗ ಹಿಡಿದು ಇಳಿದರು. "ಒಳಗ ಬೆಚ್ಚಗ ಅದ ನೋಡ್ರಲೇ," ಎಂಬ ದನಿ ಬಂತು. ಬಗ್ಗಿದ್ದು ಕಂಡಿತು. ಹಗ್ಗದ ತುದಿಗೆ ಏನೋ ಕಟ್ಟಿದರು. "ಹಾಂ, ಜಗ್ರಿ."

ಜಗ್ಗಿದೆವು. ಮಫ್ಲರ್ ಮೇಲೆ ಬಂತು. ಶರಣ್ಯಾ ಮೂಗು ಒರೆಸಿಕೊಂಡು ಅದನ್ನು ಕೊರಳಿಗೆ ಸುತ್ತಿದ. ಎಲ್ಲರೂ ನಕ್ಕೆವು. ಚಾಚಾ ಹಗ್ಗವನ್ನು ಮತ್ತೆ ಇಳಿಬಿಟ್ಟ. ಹಗ್ಗ ಸುಮ್ಮನೆ ತೂಗಿತು. ಯಾರೂ ಅದನ್ನು ಹಿಡಿಯಲಿಲ್ಲ.

"ಸರ್ರ, ಬರ್ರಿ."

ನಾವು ಧಣಿಯ ದನಿಗೆ ಕಾದೆವು. ಈಗ ಗುಡುಗುತ್ತಾರೆ ಎಂದುಕೊಂಡು ಒಬ್ಬರ ಮುಖ ಒಬ್ಬರು ನೋಡಿ ನಗು ತಡೆದೆವು.

"ಅಪ್ಪಾ, ಸಾಕು ನಿನ್ನ ನಾಟಕ," ಎಂದಳು ಕಸ್ತೂರಿ.

ಚಾಚಾ ಬಗ್ಗಿ ನೋಡಿದ. ಅವನು ತಲೆ ಎತ್ತಿದಾಗ ಅವನ ಮುಖದಲ್ಲಿ ನಗು ಇರಲಿಲ್ಲ. "ಯಾ ಅಲ್ಲಾ. ಕುಂತ್ಬಿಟ್ಟಾರ," ಎಂದ.

ಟವೆಲ್ ತೊಯ್ಸಿ ಬಾಯಿಗೆ ಕಟ್ಟಿಕೊಂಡು ಚಾಚಾ ತಾನೇ ಇಳಿದ. ತಲೆ ಬಾಯಿಯಿಂದ ಕೆಳಗಾಗುತ್ತಲೇ ಅವನ ಕಾಲು ಸೋತವು. ನಾವು ಚೀರಿದ್ದಕ್ಕೆ ಪಕ್ಕದ ಹೊಲದಲ್ಲಿ ಕಡಲೆಪಲ್ಯ ಚಿವುಟುತ್ತಿದ್ದ ಹೆಂಗಸರು ಬೇಲಿ ದಾಟಿ ಓಡಿ ಬಂದಿದ್ದರು. ಅವರೇ ಅವನ ರಟ್ಟೆ ಹಿಡಿದು ಎಳೆದುಕೊಂಡರು. ಅವನು ನೆಲಕ್ಕೆ ಬಿದ್ದು ವಾಂತಿ ಮಾಡಿದ. "ಗಾಳಿ ಇಲ್ಲವ್ವಾ. ಒಳಗ ಗಾಳೀನೇ ಇಲ್ಲ."

ಮುಂದೆ ಏನು ಮಾಡಬೇಕೆಂದು ಎಲ್ಲರಿಗೂ ಗೊತ್ತಿತ್ತು. ಚಾಚಾನ ಗುಡಿಸಲಿನಿಂದ ಹೊದೆಯುವ ಕೌದಿ ತಂದು, ಹಗ್ಗಕ್ಕೆ ಕಟ್ಟಿ, ಇಳಿಬಿಟ್ಟು ಎಳೆದರು, ಇಳಿಬಿಟ್ಟು ಎಳೆದರು, ಕೆಟ್ಟ ಗಾಳಿ ಹೊರಗೆ ಬರಲೆಂದು. ಒಬ್ಬಾಕೆ ಕೊಡದಿಂದ ನೀರು ಸುರಿದಳು. ಕೊಳೆತ ಎಲೆ, ಜಾಲಿಕಾಯಿಯ ಹುಳಿಹುಳಿ ನಾತ ಮೇಲೆ ಬಂತು. ಕಂದೀಲು ಬಿಟ್ಟರು; ಆರಿತು. ಮತ್ತೆ ಕೌದಿ. ಮತ್ತೆ ಕಂದೀಲು; ಮತ್ತೆ ಆರಿತು. ಕಸ್ತೂರಿ ಹಗ್ಗದ ಹಿಂತುದಿ ಹಿಡಿದು, "ಅಪ್ಪಾ, ಹಗ್ಗ ಹಿಡಿ. ಹಗ್ಗ ಹಿಡಿ ಅಪ್ಪಾ," ಎನ್ನುತ್ತಲೇ ಇದ್ದಳು. ಕೂಗುತ್ತಿರಲಿಲ್ಲ. ಪಾಠ ಒಪ್ಪಿಸುವ ದನಿಯಲ್ಲಿ ಹೇಳುತ್ತಿದ್ದಳು.

ಊರ ಬಾವಿಯಿಂದ ಪಾತಾಳಗರಡಿ ತಂದರು. ಬಿದ್ದ ಕೊಡ ಎತ್ತುವ ಕೊಕ್ಕೆಗಳ ಗೊಂಚಲು ಅದು. ಮೊದಲು ಅಂಗಿಗೆ ಸಿಕ್ಕಿತು, ಅಂಗಿ ಹರಿಯಿತು. ಮತ್ತೆ ಬಿಟ್ಟರು. ನಡುಪಟ್ಟಿಗೆ ಸಿಕ್ಕಿತು. ಎಲ್ಲರೂ ಸೇರಿ ಜಗ್ಗಿದೆವು. ಸ್ವಲ್ಪ ಹೊತ್ತಿನ ಮುಂಚೆ ಅದೇ ಹಗ್ಗ ಹೂವಿನಷ್ಟು ಹಗುರಾಗಿತ್ತು.

ಬನ್ನಿಗಿಡದ ಕೆಳಗೆ ಮಲಗಿಸಿ ಅಂಗಾಲು ತಿಕ್ಕಿದರು, ಎದೆ ಒತ್ತಿದರು, ಸೆರಗಿನಿಂದ ಗಾಳಿ ಹಾಕಿದರು. ಒಂದು ಲಾರಿ ನಿಲ್ಲಿಸಿ ಜೇವರ್ಗಿಗೆ ಒಯ್ದರು. ಅಲ್ಲಿ ಡಾಕ್ಟರು ನಾಡಿ ನೋಡಿ ಮುಖದ ಮೇಲೆ ಬಟ್ಟೆ ಎಳೆದರಂತೆ. ಅದನ್ನು ನಾನು ನೋಡಿಲ್ಲ, ಚಾಚಾ ಹೇಳಿದ್ದು. ನಾನು ನೋಡಿದ್ದು, ಲಾರಿ ಹೋದ ಮೇಲೂ ಕಸ್ತೂರಿ ಹಗ್ಗ ಬಿಡದೆ ಕೂತದ್ದು. ಅವಳ ಒಂದೊಂದೇ ಬೆರಳನ್ನು ಬಿಡಿಸಬೇಕಾಯಿತು. ಅತ್ತ ಬೆಂಕಿಯಲ್ಲಿ ಸೀತನಿ ಹೊತ್ತಿ ಕರಕಾದ ವಾಸನೆ ಬರುತ್ತಿತ್ತು.

ಮರುದಿನ ಎಳ್ಳಮಾವಾಸ್ಯೆ. ನಮ್ಮೂರಿನಲ್ಲಿ ಯಾರೂ ಹೊಲಕ್ಕೆ ಚರಗ ಚೆಲ್ಲಲು, ಭೂಮಿತಾಯಿಗೆ ಎಡೆ ಹಾಕಲು, ಹೋಗಲಿಲ್ಲ. ಅವ್ವ ಹಬ್ಬದ ಭಜ್ಜಿಗೆಂದು ಸೋಸಿಟ್ಟಿದ್ದ ಹಸಿ ಪಲ್ಯವನ್ನೆಲ್ಲ ದನಕ್ಕೆ ಹಾಕಿದಳು.

ಶಿಬಿರ ಅಲ್ಲಿಗೇ ನಿಂತಿತು. ಹಗೇವನ್ನು ಕಲ್ಲುಮಣ್ಣು ತುಂಬಿ ಮುಚ್ಚಿದರು. ಬೇಲಿಯ ತಂತಿ ಹೋಯಿತು, ಬೋರ್ಡು ಹೋಯಿತು, ಗಢಿಯ ಕಲ್ಲುಗಳು ಊರಿನ ಗೋಡೆಗಳಿಗೆ ಬಂದವು. ಚಿಗರಿ ನೋಡಿದ ಮಕ್ಕಳಲ್ಲಿ ಹೆಚ್ಚಿನವರು ಈಗ ಊರಲ್ಲಿಲ್ಲ. ಹಗೇವು ಎಂದರೇನು ಎಂದು ನನ್ನ ಮೊಮ್ಮಗಳು ಕೇಳುತ್ತಾಳೆ. ಉಳಿದದ್ದು ಒಂದು ಮಾತು: ಊರಿಗೆಲ್ಲ ಹೇಳುತ್ತಿದ್ದ ಮಾಸ್ತರನಿಗೇ ಹಗೇವಿನ ಸುದ್ದಿ ಗೊತ್ತಿರಲಿಲ್ಲ ಎಂದು.

ಹೋದ ಚಳಿಗಾಲದಲ್ಲಿ ಕಸ್ತೂರಿಯನ್ನು ಕಂಡು, ಇದನ್ನು ಬರೆಯಲೇ ಎಂದು ಕೇಳಿದೆ. ಅವಳು ಅಂಗೈ ನೋಡಿಕೊಂಡಳು. "ಬರಿ. ಆದ್ರ ನಮ್ಮಪ್ಪಗ ಗೊತ್ತಿರಲಿಲ್ಲ ಅಂತ ಬರೀಬ್ಯಾಡ. ಗೊತ್ತಿತ್ತು. ನಮಗ ಹೇಳಿದ್ದ. ಖಾಲಿ ಅದ ಅಂತ ನಂಬಿದ್ದ, ಅಷ್ಟ."

ಕಾಸಿಮ್ ಚಾಚಾ ಈಗಿಲ್ಲ. ಕೌದಿ ಇಳಿಬಿಟ್ಟ ಹೆಂಗಸರೂ ಒಬ್ಬೊಬ್ಬರಾಗಿ ಹೋದರು. ಹಗೇವಿನ ದಂಡೆಯಲ್ಲಿ ನಿಂತು ಕಂದೀಲಿನ ಆ ಮಾತನ್ನು ಮಾಸ್ತರರ ಬಾಯಿಂದಲೇ ಕೇಳಿದವರು, ಕೊನೆಯ ಸರದಿಯವರು, ಇನ್ನೂ ಇದ್ದೇವೆ: ಮಾದನಹಿಪ್ಪರಗಾದಲ್ಲಿ ಶರಣಪ್ಪ, ಅತನೂರಿನಲ್ಲಿ ಕಸ್ತೂರಿ, ಇಲ್ಲಿ ನಾನು.