ನಾಲ್ಕು ಕೊಠಡಿಯ ಶಾಲೆಗೆ ಬಂದ ಗೋಪುರ

ಜಲಪಾತದ ಪಕ್ಕದ ಬ್ಲಫ್ ಎಂಬ ಊರಿನ ವಿದ್ಯುತ್ ಕೇಂದ್ರದಲ್ಲಿ ನಾನು ನಕ್ಷೆಗಳ ನಕಲು ತೆಗೆಯುವ ಕೆಲಸದಲ್ಲಿದ್ದೆ. ಯುದ್ಧ ಶುರುವಾದ ವರ್ಷ ಅಲ್ಲಿನ ವಿದೇಶಿ ಇಂಜಿನಿಯರೊಬ್ಬರು ಸಂಸಾರಸಮೇತ ಊರು ಬಿಟ್ಟರು. ಅವರ ಮಂಚ, ಕುರ್ಚಿ, ಪಿಂಗಾಣಿಗಳನ್ನು ನಮ್ಮ ಮೇಲಿನವರು ಹಂಚಿಕೊಂಡರು. ಯಾರಿಗೂ ಬೇಡವಾಗಿ ನನ್ನ ಪಾಲಿಗೆ ಉಳಿದದ್ದು ಅವರ ಮಕ್ಕಳು ಆಡಿ ಬಿಟ್ಟ ಒಂದು ಮರದ ಪೆಟ್ಟಿಗೆ. ಅದರ ತುಂಬ ಆಟದ ಇಟ್ಟಿಗೆಗಳು. ಕೆಂಪು, ಕೆನೆಬಣ್ಣ, ನೀಲಿ. ಬೆರಳುದ್ದದವು, ಅದರ ಅರ್ಧದವು, ಕಮಾನಿಗೆಂದು ಬಾಗಿದವು. ಜೊತೆಗೊಂದು ಚಿತ್ರದ ಪುಸ್ತಕ. ಅದರಲ್ಲಿದ್ದದ್ದೆಲ್ಲ ಅವರ ದೇಶದ ಕೋಟೆಗಳು, ಇಗರ್ಜಿಗಳು. ಒಂದೆರಡು ಕಟ್ಟಿ ನೋಡಿ ಪುಸ್ತಕವನ್ನು ಮಡಿಸಿಟ್ಟೆ. ನಾನು ಕಂಡ ಕಟ್ಟಡಗಳನ್ನೇ, ಇಲ್ಲವೇ ಕಾಣಬೇಕೆಂದಿದ್ದವನ್ನೇ ಕಟ್ಟತೊಡಗಿದೆ.

ಮೊದಲು ಒಂದು ಆಲೆಮನೆ, ಆಮೇಲೆ ಪೂರಿಗಾಲಿಯ ಕಡೆ ಹೋಗುವ ದಾರಿಯಲ್ಲಿದ್ದ ಮಂಟಪ. ಇಟ್ಟಿಗೆಗೆ ಗಾರೆಯಿಲ್ಲ, ಅಂಟಿಲ್ಲ. ಮೇಲಿನದರ ಭಾರವೇ ಕೆಳಗಿನದನ್ನು ಹಿಡಿಯಬೇಕು. ಗೋಡೆಯ ಸಜ್ಜಾ ಮುಂದಕ್ಕೆ ಚಾಚಬೇಕೆಂದರೆ ಅದರ ಬೆನ್ನ ಮೇಲೆ ಎರಡು ಇಟ್ಟಿಗೆ ಹೇರಬೇಕು. ಇದನ್ನು ಕಂಡುಕೊಳ್ಳಲು ನನಗೆ ಒಂದು ತಿಂಗಳು ಹಿಡಿಯಿತು. ಅಷ್ಟರಲ್ಲಿ ನನ್ನ ಹೆಂಡತಿ ಪಕ್ಕದ ಮನೆಯವರಿಗೆ ಸುದ್ದಿ ಮುಟ್ಟಿಸಿದ್ದಳು. "ನೋಡ್ರವ್ವಾ, ನಮ್ಮನೇಲಿ ಮಕ್ಳಾಟ ಆಡಕ್ಕೆ ಮಕ್ಳೇ ಬೇಕಾಗಿಲ್ಲ. ಮೀಸೆ ಬಂದೋರೇ ಆಡ್ತಾ ಕೂತವ್ರೆ."

ಇದು ನಮ್ಮ ಹಳ್ಳಿಯ ಪಟೇಲರ ಕಿವಿಗೂ ಬಿತ್ತು. ಯಾವುದೋ ಕೆಲಸಕ್ಕೆ ಬ್ಲಫ್‌ಗೆ ಬಂದವರು ನಮ್ಮ ಮನೆಗೆ ಬಂದು, ಮಂಟಪದ ಸುತ್ತ ಎರಡು ಸಲ ತಿರುಗಿದರು.

"ಲೇ, ಇಂಥದ್ದೇ ಒಂದು ಇಸ್ಕೂಲು ಕಟ್ಕೊಡ್ಲಾ" ಎಂದರು. "ಮೂರು ಅರ್ಜಿ ಕೊಟ್ಟಾಯ್ತು. ಕಾಗದ ಯಾರೂ ಓದಕಿಲ್ಲ. ಕಣ್ಣಿಗೆ ಕಂಡ್ರೆ ಮಂಜೂರು ಮಾಡ್ತಾರೆ ಕಣ್ಲಾ."

ನಮ್ಮೂರಿನ ಮಕ್ಕಳು ಗುಡಿಯ ಜಗಲಿಯಲ್ಲಿ ಓದುತ್ತಿದ್ದರು. ಇರಚಲು ಹೊಡೆದರೆ ಒಂದು ತರಗತಿ ಎದ್ದು ಇನ್ನೊಂದು ತರಗತಿಯ ಮೇಲೆ ಕೂರುತ್ತಿತ್ತು. ನಾನು ಉತ್ಸಾಹದಿಂದ ಕುಳಿತೆ. ಎರಡು ವಾರದಲ್ಲಿ ನಾಲ್ಕು ಕೊಠಡಿ, ಉದ್ದಕ್ಕೊಂದು ಪಡಸಾಲೆ, ಬಡಗಣ ಗೋಡೆಗೆ ದೊಡ್ಡ ಕಿಟಕಿಗಳು ತಯಾರಾದವು. ಪೆಟ್ಟಿಗೆಯಲ್ಲಿ ಒಂದು ಇಟ್ಟಿಗೆಯೂ ಮಿಗಲಿಲ್ಲ. ಅದನ್ನು ಕಾಗದದ ಮೇಲೆ ಬರೆದುಕೊಂಡು, ಬಿಚ್ಚಿ, ಪೆಟ್ಟಿಗೆ ಹೊತ್ತು ಪಟೇಲರ ಜೊತೆ ಮಳವಳ್ಳಿಗೆ ಹೊರಟೆ.

ಮಳವಳ್ಳಿಯ ವಿದ್ಯಾ ಇಲಾಖೆಯ ಸಾಹೇಬರು ತಮ್ಮ ಮೇಜಿನ ಮೇಲೆ ಶಾಲೆ ಏಳುವುದನ್ನು ಬಾಯಿ ಬಿಟ್ಟುಕೊಂಡು ನೋಡಿದರು. ಮುಗಿದ ಮೇಲೆ ಹುಬ್ಬು ಗಂಟಿಕ್ಕಿದರು.

"ತನಿಖೆಗೆ ಬಂದ ಅಧಿಕಾರಿಗಳು ಎಲ್ಲಿ ಕೂರಬೇಕು?"

"ಇಟ್ಟಿಗೆ ಇರೋದೇ ಇಷ್ಟು, ಸ್ವಾಮಿ" ಎಂದೆ.

"ಇದರಲ್ಲೇ ಹೊಂದಿಸಿಕೊಳ್ಳಿ."

ಹೊಂದಿಸಿದೆ. ಒಂದು ಕೊಠಡಿ ಹೋಗಿ ಅಧಿಕಾರಿಗಳ ವಿಶ್ರಾಂತಿ ಕೋಣೆ ಬಂತು. ಸಾಹೇಬರು ಸಂತೋಷಪಟ್ಟು, ಮದ್ದೂರಿನ ಮುಸಾಫಿರ್ ಬಂಗಲೆಯಲ್ಲಿ ಮೊಕ್ಕಾಂ ಮಾಡಿದ್ದ ತಮ್ಮ ಮೇಲಿನವರಿಗೆ ಒಂದು ಚೀಟಿ ಬರೆದು ನಮ್ಮ ಕೈಗೆ ಕೊಟ್ಟರು.

ಪೆಟ್ರೋಲಿಗೆ ಬರ ಬಂದಿದ್ದ ಕಾಲ. ನಮ್ಮ ಬಸ್ಸು ಇದ್ದಿಲಿನ ಗ್ಯಾಸಿನಲ್ಲಿ ಓಡುತ್ತಿತ್ತು. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು. ಮದ್ದೂರಿಗೆ ಸೇರಿದಾಗ ಮುಖಕ್ಕೆಲ್ಲ ಮಸಿ. ಆ ಸಾಹೇಬರು ಶಾಲೆಯನ್ನು ಮೆಚ್ಚಿದರು, ಆದರೆ ಮುಂಭಾಗ ಬೋಳಾಗಿದೆ ಎಂದರು. ಕಾರು ಬಂದು ನಿಲ್ಲಲು ಕಮಾನಿನ ಪೋರ್ಟಿಕೋ ಬೇಕಂತೆ.

"ನಮ್ಮೂರಿಗೆ ಕಾರು ಬರಕ್ಕೆ ರಸ್ತೇನೇ ಇಲ್ಲ, ಬುದ್ಧಿ" ಎಂದರು ಪಟೇಲರು.

"ಪೋರ್ಟಿಕೋ ಇದ್ದರೆ ರಸ್ತೆ ತಾನಾಗಿ ಬರುತ್ತೆ, ಗೌಡರೇ."

ಇನ್ನೊಂದು ಕೊಠಡಿ ಹೋಯಿತು. ಕಮಾನು ಮಾತ್ರ ಚೆನ್ನಾಗಿ ಬಂತು.

ಅಲ್ಲಿಂದ ಮಂಡ್ಯ. ಆ ದಿನ ಊರ ಪಕ್ಕದ ಗುತ್ತಲಿನಲ್ಲಿ ಪಟೇಲರ ನೆಂಟರ ಮನೆಯಲ್ಲಿ ಉಳಿದು, ಮಾರನೆಯ ಬೆಳಿಗ್ಗೆ ಎಲ್ಲರಿಗಿಂತ ದೊಡ್ಡ ಸಾಹೇಬರ ಮುಂದೆ ಪೆಟ್ಟಿಗೆ ಬಿಚ್ಚಿದೆವು. ಅವರ ಸುತ್ತ ಏಳೆಂಟು ಜನ ನಿಂತಿದ್ದರು. ಸಾಹೇಬರು ನಕ್ಕರೆ ನಗಲು, ಸುಮ್ಮನಾದರೆ ಸುಮ್ಮನಾಗಲು. ಸಾಹೇಬರು ಕಣ್ಣು ಕಿರಿದು ಮಾಡಿ ನೋಡಿ, "ಎತ್ತರ ಸಾಲದು" ಎಂದರು. ಎಲ್ಲರೂ ಎತ್ತರ ಸಾಲದು ಎಂದರು. "ಒಂದು ಗಡಿಯಾರದ ಗೋಪುರ ಬರಲಿ."

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಆಗ ನಾನು ಒಂದು ಮಾತೂ ಆಡಲಿಲ್ಲ. ಅಷ್ಟು ಕಡಿಮೆ ಇಟ್ಟಿಗೆಯಲ್ಲಿ, ಅಷ್ಟು ಸಣ್ಣ ಬುಡದ ಮೇಲೆ, ಎರಡು ಮೊಳದ ಗೋಪುರ ನಿಲ್ಲಿಸುವುದು ಹೇಗೆಂಬ ಲೆಕ್ಕದಲ್ಲಿ ನನ್ನ ಮೈ ಜುಮ್ಮೆಂದಿತ್ತು. ಮೂರನೆಯ ಕೊಠಡಿಯನ್ನು ನಾನೇ ಕಿತ್ತೆ. ಸಾಲದೆ ನಾಲ್ಕನೆಯದರ ಅರ್ಧವನ್ನೂ, ಯಾರೂ ಕೇಳದೆಯೇ, ಕಿತ್ತೆ. ಕೊನೆಯ ನೀಲಿ ಇಟ್ಟಿಗೆಯನ್ನು ತುದಿಯಲ್ಲಿಟ್ಟು ಕೈ ತೆಗೆದಾಗ ಗೋಪುರ ಅಲುಗಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನನ್ನ ಕಣ್ಣಲ್ಲಿ ನೀರು ಬಂತು.

ಪಟೇಲರು ಮಾತ್ರ ಬಗ್ಗಿ ಗೋಪುರದ ಹಿಂದೆ ಇಣುಕಿದರು. "ಬುದ್ಧಿ, ಐಕ್ಳು ಎಲ್ಲಿ ಕೂತ್ಕತವೆ?"

"ಮೊದಲು ಕಟ್ಟಡ ಆಗಲಿ. ಮಕ್ಕಳದು ಆಮೇಲೆ ನೋಡೋಣ" ಎಂದರು ದೊಡ್ಡ ಸಾಹೇಬರು.

ಗೋಪುರಕ್ಕೆ ಹಾರ ಹಾಕಿ ಫೋಟೋ ತೆಗೆಸಿದರು. ಬಿದ್ದೀತೆಂದು ಜವಾನನೊಬ್ಬ ಬಡಗಿಯ ಸರೇಸು ಕಾಯಿಸಿ ತಂದು ಸಂದುಸಂದಿಗೂ ಬಳಿದ. ಅಂಟು ಆರುತ್ತಲೇ ಅದು ಗಾಜಿನ ಬೀರು ಸೇರಿತು. ಪೆಟ್ಟಿಗೆ ಖಾಲಿಯಾಗಿ ನನ್ನ ಕೈಯಲ್ಲಿ ಉಳಿಯಿತು. ಇಟ್ಟಿಗೆ ವಾಪಸು ಕೊಡಿಸಬೇಕೆಂದು ಆಮೇಲೆ ಬರೆದ ಅರ್ಜಿಗೆ, ಪೂರ್ಣಗೊಂಡ ಕಟ್ಟಡವನ್ನು ಕೆಡವಲು ಅವಕಾಶವಿಲ್ಲವೆಂದು ಉತ್ತರ ಬಂತು.

ವಾಪಸು ಬರುವ ಬಸ್ಸು ಮದ್ದೂರು ದಾಟಿತು. ಪಟೇಲರು ಕಿಟಕಿಯ ಕಡೆಗೇ ಮುಖ ಮಾಡಿಕೊಂಡು, "ಅವ್ರು ಕೇಳಿದ್ರು, ಸರಿ. ನೀನ್ಯಾಕ್ಲಾ ಅಂಗೆ ನಗ್ತಾ ನಗ್ತಾ ಕಿತ್ತೆ?" ಎಂದರು. ಮನೆಗೆ ಬಂದು ಹೆಂಡತಿಗೆ ಎಲ್ಲ ಹೇಳಿದೆ. ಅವಳು ಸಾರು ಬಡಿಸುತ್ತಿದ್ದವಳು ಸೌಟು ಕೆಳಗಿಟ್ಟಳು.

"ನಾನು ಮಕ್ಳಾಟ ಅಂದಿದ್ದು ತೆಪ್ಪಾಯ್ತು" ಎಂದಳು. "ಮಕ್ಳು ಇಂಗೆ ಮಾಡಕಿಲ್ಲ."

ಮುಂದಿನ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಪಟೇಲರು ಊರಿನವರನ್ನೆಲ್ಲ ಕೆರೆಯಂಗಳಕ್ಕಿಳಿಸಿದರು. ಮನೆಗೊಬ್ಬರಂತೆ ಬಂದು ಮಣ್ಣು ತುಳಿದು ಇಟ್ಟಿಗೆ ಕೊಯ್ದರು. ನಾನು ರಜೆ ಹಾಕಿ ಹೋದೆ. ನಕ್ಷೆ ತೋರಿಸಲು ಹೋದರೆ, "ನೀನು ಮಣ್ಣು ತುಳಿ, ಸಾಕು" ಎಂದ ಗಾರೆ ಕೆಲಸದ ಮುದುಕ. ತುಳಿದೆ. ಸುಟ್ಟ ಇಟ್ಟಿಗೆಯಲ್ಲಿ ಅರ್ಧ ಸೀದಿತ್ತು, ಉಳಿದದ್ದು ಹಸಿ. ಆದರೂ ಎರಡು ಕೊಠಡಿ ಎದ್ದವು. ಕಿಟಕಿಗಳ ವಿಷಯದಲ್ಲಿ ಮಾತ್ರ ನನ್ನ ಮಾತು ನಡೆಯಿತು.

ಶಾಲೆ ತೆರೆದ ದಿನ ಹೆಂಡತಿಯೂ ನನ್ನ ಜೊತೆ ಬಂದಳು. ಎರಡು ಕೊಠಡಿಗೆ ನಾಲ್ಕು ತರಗತಿ ತುಂಬಿ, ಒಳಗೆ ಗದ್ದಲವೋ ಗದ್ದಲ. ಮೇಷ್ಟ್ರು ಯಾವ ಮಗ್ಗಿ ಯಾರಿಗೆ ಹೇಳಿಕೊಡುತ್ತಿದ್ದಾರೆಂದು ಅವರಿಗೇ ತಿಳಿಯುತ್ತಿರಲಿಲ್ಲ. ಪಟೇಲರು ಬಾಗಿಲಲ್ಲಿ ನಿಂತು ಬಹಳ ಹೊತ್ತು ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, ಪಕ್ಕದ ಖಾಲಿ ಜಾಗ ತೋರಿಸುತ್ತಾ, "ಇನ್ನೆರಡು ಕೋಣೆಗೆ ಎಷ್ಟು ಇಟ್ಟಿಗೆ ಬೇಕಾಯ್ತದೆ, ಯೋಳ್ಲಾ" ಎಂದರು.