ಬಾಣಂತಿ ಕೋಣೆಗೆ ಬೆಳಕು ಇಳಿಸಿದ ಗೌಂಡಿಯವರು

ಗೌಂಡಿಯವರ ಬೆರಳ ತುದಿಗಳಲ್ಲಿ ಗೆರೆಗಳಿರಲಿಲ್ಲ. ಸುಣ್ಣಕ್ಕೆ ಸವೆದು ಸವೆದು ಅವು ಹೊಳೆಯ ಕಲ್ಲಿನಂತೆ ನುಣುಪಾಗಿದ್ದವು. ಆ ಕೈಯನ್ನು ನಮ್ಮ ಗೋಡೆಗಳ ಮೇಲೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಇಟ್ಟು, ಬಿಸಿಲು ಯಾವ ಮಗ್ಗುಲಿಗೆ ಬೀಳುತ್ತದೆಂದು ತಿಳಿದ ಮೇಲೆಯೇ ಅವರು ಹಾರೆ ಹಿಡಿದರು.

ಬರೆದು ಅಭ್ಯಾಸವಿಲ್ಲದ ನಾನು ಸದರಿಯವರ ವಿಷಯದಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ: ಐವತ್ತರ ದಶಕದ ಕೊನೆಯಲ್ಲಿ, ಸೊರಬದ ನಮ್ಮ ಮನೆಯಲ್ಲಿ, ಮೊದಲ ಮಗು ಹನ್ನೊಂದನೆಯ ದಿನ ತೀರಿಕೊಂಡಿತು. ನನ್ನ ಹೆಂಡತಿ ಬಾಣಂತಿ ಕೋಣೆಯಲ್ಲಿಯೇ ಉಳಿದಳು, ಮಾತು ಬಿಟ್ಟಳು. ಬಾಣಂತಿಗೆ ಗಾಳಿ ಸೋಕಬಾರದೆಂದು ಸದರಿ ಕೋಣೆಗೆ ಕಿಟಕಿಯನ್ನೇ ಇಟ್ಟಿರಲಿಲ್ಲ. ಐದು ತಿಂಗಳು ಕಳೆದವು. ನನಗೆ ದುಃಖವೂ ತೋಚಲಿಲ್ಲ. ಗೋಡೆ ಒಡೆಸಬೇಕೆಂದಷ್ಟೇ ತೋಚಿತು. ಆನವಟ್ಟಿಯಿಂದ ಗೌಂಡಿಯವರನ್ನು ಕರೆಸಿದೆನು.

ನನ್ನ ತಾಯಿಯವರು ಬಾಗಿಲಿಗೆ ಅಡ್ಡ ನಿಂತರು. "ಕಟ್ಟಾಕೆ ಬಂದ್ಯೋ, ಕೆಡವಾಕೆ ಬಂದ್ಯೋ? ಗಾಳಿ ಬಿಟ್ರೆ ಮುಂದಿನ ಬಾಣಂತನ ಯಾರು ಮಾಡ್ತಾರೆ, ನೀನಾ?"

"ನನಗೆ ಬರೇ ಗಾರೆ ಕಲಸಾಕೆ ಬರ್ತದ್ರೀ ಅಮ್ಮಾ. ಗಾಳಿ ಬ್ಯಾಡ ಬಿಡ್ರಿ, ಬೆಳಕು ಇಳಿಸ್ತೀನಿ."

ನಡುಮನೆಯ ಕಡೆಯ ಗೋಡೆಯನ್ನು ಎದೆಮಟ್ಟಕ್ಕೆ ಇಳಿಸಿದರು. ಹೆಂಡತಿ ಮೂಲೆ ಬಿಟ್ಟು ಏಳಲಿಲ್ಲ. "ಅಕ್ಕಾರೇ, ಧೂಳು ಬೀಳ್ತದೆ, ಸೆರಗು ಹೊದ್ಕೊಳ್ರಿ" ಎಂದು ಹೇಳಿ, ಅವಳು ಹೊದೆಯುವವರೆಗೆ ಪ್ರತಿ ಸಲವೂ ಕಾಯುತ್ತಿದ್ದರು.

ಮೂರನೆಯ ದಿನ ತಲೆಯ ಮೇಲಿನ ಮುಚ್ಚಿಗೆಯ ಹಲಗೆ ಕಿತ್ತು, ಮಾಡಿಗೆ ಎರಡು ಗಾಜಿನ ಹೆಂಚು ಕೂರಿಸಿದರು. ಬೆಳಕು ನೇರವಾಗಿ ತೊಲೆಯಲ್ಲಿದ್ದ ತೊಟ್ಟಿಲಿನ ಕೊಂಡಿಯ ಮೇಲೆ ಬಿತ್ತು. ನಮ್ಮಲ್ಲಿ ಯಾರೊಬ್ಬರೂ ಅದನ್ನು ಯೋಚಿಸಿರಲಿಲ್ಲ.

ಏಣಿಯ ಮೇಲಿದ್ದ ಗೌಂಡಿಯವರು ಹೆಂಚಿಗೆ ಕೈ ಹಾಕಿದರು. "ತಪ್ಪಾತ್ರೀ ಅಕ್ಕಾರೇ. ಈಗ್ಲೇ ಕಿತ್ತು ಹಾಕ್ತೀನಿ."

"ಇರ್ಲಿ ಬಿಡ್ರಿ ಅಣ್ಣಾ. ಕೂಸು ಅಲ್ಲೇ ಇತ್ತು," ಎಂದಳು ನನ್ನ ಹೆಂಡತಿ.

ಐದು ತಿಂಗಳಲ್ಲಿ ಅವಳಾಡಿದ ಮೊದಲ ಮಾತು ಅದು. ಗೌಂಡಿಯವರು ಬಹಳ ಹೊತ್ತು ಏಣಿಯಿಂದ ಇಳಿಯಲಿಲ್ಲ. ನಾನು ಬಿದ್ದ ಮಣ್ಣನ್ನು ಗುಡಿಸಿದೆನು.

ಆಮೇಲೆ ಅವಳು ಒಂದೆರಡು ಮಾತಾಡುತ್ತಿದ್ದಳಾದರೂ ಹೊಸಿಲು ದಾಟಲಿಲ್ಲ. ಗೌಂಡಿಯವರು ಸೊರಬಕ್ಕೆ ಬಂದಾಗಲೆಲ್ಲ ಒಳಗೆ ಇಣುಕಿ, "ಹೆಂಚು ಸೋರ್ತದೇನ್ರೀ ಅಕ್ಕಾರೇ?" ಎಂದು ಕೇಳುತ್ತಿದ್ದರು. ಸುಡು ಬೇಸಿಗೆಯಲ್ಲಿಯೂ ಕೇಳುತ್ತಿದ್ದರು. ಅವಳು, "ಇಲ್ಲ ಅಣ್ಣಾ," ಎನ್ನುತ್ತಿದ್ದಳು.

ಮರ ನೋಡಲು ಕ್ಯಾಸನೂರಿನ ಕಾಡಿನ ಕಡೆಗೆ ಹೋದ ಗೌಂಡಿಯವರು ಜ್ವರ ಹಿಡಿದು ಮರಳಿ, ವಾರದೊಳಗೆ ತೀರಿಕೊಂಡರು. ಸುದ್ದಿ ತಲುಪಿದಾಗ ನನಗೆ ಅಳು ಬರಲಿಲ್ಲ. ಅಂಗಿ ತೊಟ್ಟು ಆನವಟ್ಟಿಯ ಬಸ್ಸಿಗೆ ಹೊರಟೆನು.

"ತಡೀರಿ," ಎಂದಳು ಹೆಂಡತಿ. "ನಾನೂ ಬರ್ತೀನಿ. ಅವರ ಮನೆಯಾಕೆ ಒಬ್ರೇ ಕೂತಿರ್ತಾರೆ."

ಚಪ್ಪಲಿ ಹುಡುಕಿದಳು. ಬಹುಕಾಲ ಮೆಟ್ಟದೆ ತೊಗಲು ಬಿರುಸಾಗಿತ್ತು. ಹಾಗೆಯೇ ಮೆಟ್ಟಿಕೊಂಡು, ನನಗಿಂತ ಮೊದಲು ಬೀದಿಗೆ ಇಳಿದಳು.